ಎರಡು ಖಾನೆ, ಒಂದು ಬಟನ್

ವಿದ್ಯುತ್ ಬಿಲ್ಲು ಕಟ್ಟುವುದಿರಲಿ, ಬಸ್ಸಿನ ಸೀಟು ಕಾಯ್ದಿರಿಸುವುದಿರಲಿ, ಭವಿಷ್ಯ ನಿಧಿಯ ಲೆಕ್ಕ ನೋಡುವುದಿರಲಿ, ಮೊದಲು ಎದುರಾಗುವುದು ಒಂದೇ ಬಗೆಯ ಪುಟ. ಹೆಸರಿಗೊಂದು ಖಾನೆ, ಪಾಸ್‌ವರ್ಡಿಗೊಂದು ಖಾನೆ, ಕೆಳಗೆ ‘ಲಾಗಿನ್’ ಎಂಬ ಬಟನ್. ವೆಬ್‌ಸೈಟ್ ಕಟ್ಟುವುದನ್ನು ಕಲಿಯುವವರು ಮೊದಲ ವಾರದಲ್ಲೇ ಇಂಥ ಪುಟ ಬರೆದು ಮುಗಿಸುತ್ತಾರೆ. ಹತ್ತು ಹನ್ನೆರಡು ಸಾಲು ಸಾಕು. ಪುಟ ಇಷ್ಟು ಸಲೀಸಾಗಿರುವುದರಿಂದ ಅದರ ಹಿಂದಿನ ತಪಾಸಣೆಯೂ ಅಷ್ಟೇ ಸಲೀಸು ಎನಿಸಿಬಿಡುತ್ತದೆ. ಹೆಸರು ಪಟ್ಟಿಯಲ್ಲಿದೆಯೇ ನೋಡು, ಪಾಸ್‌ವರ್ಡ್ ತಾಳೆಯಾದರೆ ಒಳಗೆ ಬಿಡು, ಆಗದಿದ್ದರೆ ವಾಪಸ್ ಕಳಿಸು, ಅಷ್ಟೇ ತಾನೇ? ಅಷ್ಟೇ ಅಲ್ಲ. ಪುಟವನ್ನು ನೀವೇ ಬರೆಯಿರಿ, ನಿಮಗೆ ಬೇಕಾದ ಬಣ್ಣ ಬಳಿಯಿರಿ, ಅಚ್ಚ ಕನ್ನಡದಲ್ಲೇ ಬರೆಯಿರಿ. ತಪಾಸಣೆಯನ್ನು ಮಾತ್ರ ಸ್ವಂತವಾಗಿ ಬರೆಯುವ ಉಸಾಬರಿಗೆ ಹೋಗದೆ ಪಳಗಿದ ಸೆಕ್ಯುರಿಟಿ ಫ್ರೇಮ್‌ವರ್ಕ್ ಒಂದಕ್ಕೆ ಒಪ್ಪಿಸಿ ಎಂಬುದು ಈ ಲೇಖನದ ವಾದ. ಫ್ರೇಮ್‌ವರ್ಕ್ ಎಂದರೆ ಸಿದ್ಧ ಚೌಕಟ್ಟು. ಎಲ್ಲ ವೆಬ್‌ಸೈಟುಗಳಿಗೂ ಬೇಕಾಗುವ ಕೆಲಸವನ್ನು ಮೊದಲೇ ಬರೆದು, ಹತ್ತಾರು ಕೈಗಳಲ್ಲಿ ಸವೆಸಿ ಇಟ್ಟ ಕೋಡ್. ಒಪ್ಪಿಸಿಬಿಟ್ಟರೆ ಮುಗಿಯಿತು ಎಂದೂ ಅಲ್ಲ. ನಮ್ಮ ಪುಟವೂ ಅವರ ಚೌಕಟ್ಟೂ ಕೂಡುವ ಬೆಸುಗೆಯಲ್ಲೇ ಹೆಚ್ಚಿನ ಎಡವಟ್ಟುಗಳಾಗುವುದು.

ಮೊದಲು ಸ್ವಂತ ತಪಾಸಣೆಯ ಕಥೆ ನೋಡೋಣ. ಹೊಸಬರು ಬರೆಯುವ ಕೋಡಿನಲ್ಲಿ, ಬಳಕೆದಾರ ಟೈಪ್ ಮಾಡಿದ ಹೆಸರನ್ನು ಡೇಟಾಬೇಸಿಗೆ ಕೇಳುವ ಪ್ರಶ್ನೆಯ ನಡುವೆ ಹಾಗ್ಹಾಗೇ ಅಂಟಿಸಿರುತ್ತಾರೆ. ‘ಈ ಹೆಸರಿನವರ ದಾಖಲೆ ಕೊಡು’ ಎಂಬುದು ಪ್ರಶ್ನೆ. ಹೆಸರಿನ ಖಾನೆಯಲ್ಲಿ ಹೆಸರಿನ ಬದಲು ಒಂದು ಉದ್ಧರಣ ಚಿಹ್ನೆ ಹಾಕಿ, ಅದರ ಮುಂದೆ ‘ಅಥವಾ ಒಂದು ಒಂದಕ್ಕೆ ಸಮವಾಗಿದ್ದರೆ’ ಎಂಬರ್ಥದ ತುಣುಕು ಬರೆದರೆ ಪ್ರಶ್ನೆಯೇ ಬದಲಾಗಿಹೋಗುತ್ತದೆ. ಒಂದು ಯಾವತ್ತೂ ಒಂದಕ್ಕೆ ಸಮವೇ, ಹಾಗಾಗಿ ಡೇಟಾಬೇಸ್ ಎಲ್ಲರ ದಾಖಲೆಯನ್ನೂ ತೆಗೆದು ಕೊಡುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಈ ತಂತ್ರ 1998ರಿಂದಲೂ ಬಹಿರಂಗವಾಗಿ ಗೊತ್ತಿರುವಂಥದ್ದು. ಹಾಗಿದ್ದೂ ಹನ್ನೊಂದು ವರ್ಷ ಕಳೆದು 2009ರಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪನಿಯ ಡೇಟಾಬೇಸಿಗೆ ಇದೇ ದಾರಿಯಿಂದ ಕನ್ನ ಬಿತ್ತು. ಮೂರು ಕೋಟಿ 20 ಲಕ್ಷ ಪಾಸ್‌ವರ್ಡುಗಳು ಹೊರಬಿದ್ದವು, ಅದೂ ಯಾವ ಮುಸುಕೂ ಇಲ್ಲದೆ, ಟೈಪ್ ಮಾಡಿದ್ದು ಟೈಪ್ ಮಾಡಿದ ಹಾಗೆ. ಆ ಪಟ್ಟಿಯಲ್ಲಿ ಅತಿ ಹೆಚ್ಚು ಮಂದಿ ಇಟ್ಟುಕೊಂಡಿದ್ದ ಪಾಸ್‌ವರ್ಡ್ ‘123456’. ಇಂದಿಗೂ ಪಾಸ್‌ವರ್ಡ್ ಒಡೆಯುವ ಅಭ್ಯಾಸಕ್ಕೆ ಕೂತವರು ಮೊದಲು ಇಳಿಸಿಕೊಳ್ಳುವ ಕಡತ ಅದೇ.

ಪಾಸ್‌ವರ್ಡನ್ನು ಇದ್ದದ್ದು ಇದ್ದ ಹಾಗೇ ಬರೆದಿಡಬಾರದು ಎಂಬ ಬುದ್ಧಿ ರಾಕ್‌ಯೂಗಿಂತ ತುಂಬ ಹಳೆಯದು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಮೊದಲಲ್ಲಿ, ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿದಾಗ. ಅದೇ ದಶಕದಲ್ಲೇ ಅಲ್ಲೊಂದು ಪ್ರಸಂಗ ನಡೆಯಿತು. ನಿರ್ವಾಹಕರಿಬ್ಬರು ಏಕಕಾಲಕ್ಕೆ ಎರಡು ಕಡತ ತಿದ್ದುತ್ತಿದ್ದರು. ಒಬ್ಬರ ಕೈಲಿದ್ದದ್ದು ಅಂದಿನ ಸೂಚನೆ, ಇನ್ನೊಬ್ಬರ ಕೈಲಿದ್ದದ್ದು ಎಲ್ಲರ ಪಾಸ್‌ವರ್ಡ್ ಪಟ್ಟಿ. ತಿದ್ದುವ ತಂತ್ರಾಂಶ ಎರಡಕ್ಕೂ ಒಂದೇ ತಾತ್ಕಾಲಿಕ ಕಡತವನ್ನು ಬಳಸಿ ಅದಲುಬದಲು ಮಾಡಿತು. ಆಮೇಲೆ ಲಾಗಿನ್ ಆದವರಿಗೆಲ್ಲ ಸ್ವಾಗತದ ಸೂಚನೆಯ ಜಾಗದಲ್ಲಿ ಪಾಸ್‌ವರ್ಡ್ ಪಟ್ಟಿಯೇ ಅಚ್ಚಾಗಿ ಬಂತು! ಕದಿಯುವವರೇ ಬೇಕಿಲ್ಲ, ಪಟ್ಟಿ ಎಂಬುದೊಂದಿದ್ದರೆ ಸಾಕು, ಅದು ಎಂದಾದರೂ ಹೊರಬರುತ್ತದೆ ಎಂಬ ತಿಳಿವಳಿಕೆ ಇಂಥವುಗಳಿಂದಲೇ ಹುಟ್ಟಿದ್ದು. 1979ರಲ್ಲಿ ಬೆಲ್ ಲ್ಯಾಬ್ಸಿನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಪ್ರಕಟಿಸಿದ ಪ್ರಬಂಧವೊಂದು ಪರಿಹಾರವನ್ನು ವಿವರವಾಗಿ ಮುಂದಿಟ್ಟಿತು. ಪಾಸ್‌ವರ್ಡನ್ನು ಗಣಿತದ ಗಾಣಕ್ಕೆ ಹಾಕಿ ಹಿಂಡಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳಬೇಕು. ಹಿಂಡಿಯಿಂದ ಕಡಲೆಕಾಯಿಯನ್ನು ಮರಳಿ ಪಡೆಯಲು ಬಾರದಂತೆ ಇದರಿಂದ ಪಾಸ್‌ವರ್ಡ್ ಮರಳಿ ಬಾರದು. ಇದೇ ಹ್ಯಾಷ್. ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಚಿಟಿಕೆ ‘ಉಪ್ಪು’ ಬೆರೆಸಿ ಹಿಂಡಬೇಕು, ಆಗ ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೂ ಹ್ಯಾಷ್ ಬೇರೆಯಾಗುತ್ತದೆ.

ಇದು ಗೊತ್ತಾಗಿ 33 ವರ್ಷವಾದ ಮೇಲೂ, 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ 65 ಲಕ್ಷ ಹ್ಯಾಷ್‌ಗಳಲ್ಲಿ ಉಪ್ಪಿರಲಿಲ್ಲ. ಸೋರಿದ್ದು ಅಷ್ಟೇ ಅಲ್ಲ, 11 ಕೋಟಿ 70 ಲಕ್ಷದಷ್ಟು ಎಂದು 2016ರಲ್ಲಿ ತಿಳಿಯಿತು. ಅಲ್ಲಿ ಬಳಸಿದ್ದ ಗಾಣ ಬಲು ವೇಗದ್ದು ಎಂಬುದು ಇನ್ನೊಂದು ತೊಡಕು. ಕಳ್ಳನ ಕೈಗೆ ಹ್ಯಾಷ್ ಸಿಕ್ಕಾಗ ಅವನು ಊಹೆಯ ಮೇಲೆ ಊಹೆ ಹಿಂಡಿ ನೋಡುತ್ತಾನೆ; ಗಾಣ ವೇಗವಾದಷ್ಟೂ ಲಾಭ ಅವನಿಗೇ. ಇದಕ್ಕೆಂದೇ 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೇರ್ ‘ಬಿಕ್ರಿಪ್ಟ್’ ಎಂಬ ಬೇಕೆಂದೇ ನಿಧಾನವಾದ ಗಾಣವನ್ನು ಕಟ್ಟಿದ್ದರು. ಕಂಪ್ಯೂಟರುಗಳು ಚುರುಕಾದ ಹಾಗೆ ಇದನ್ನು ಇನ್ನಷ್ಟು ನಿಧಾನಗೊಳಿಸಲು ಒಂದು ಅಂಕಿ ಬದಲಿಸಿದರಾಯಿತು. ಇಷ್ಟೆಲ್ಲ ಸರಿಮಾಡಿಕೊಂಡವರೂ ಜಾರಿದ್ದುಂಟು. ಟ್ವಿಟರ್ ಬಿಕ್ರಿಪ್ಟನ್ನೇ ಬಳಸುತ್ತಿತ್ತು, ಆದರೆ ಹಿಂಡುವ ಮೊದಲೇ ಪಾಸ್‌ವರ್ಡುಗಳು ಒಳಗಿನ ಲಾಗ್ ಕಡತವೊಂದರಲ್ಲಿ ಬರೆದುಹೋಗುತ್ತಿದ್ದವು. ಅದು ಬೆಳಕಿಗೆ ಬಂದಾಗ, 2018ರ ಮೇ ತಿಂಗಳಲ್ಲಿ, ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಅದು ಸೂಚಿಸಬೇಕಾಯಿತು.

ಇಲ್ಲಿಯವರೆಗಿನದ್ದನ್ನು ಒಳ್ಳೆಯ ಪ್ರೋಗ್ರಾಮರ್ ಪುಸ್ತಕ ಓದಿ ಸರಿಪಡಿಸಿಕೊಂಡಾನು. ಅವನಿಗೂ ಹೊಳೆಯದಂಥ ಸಂಗತಿಯೊಂದನ್ನು ಹತ್ತಿರದಿಂದ ನೋಡಿ. ಯಾರೋ ಒಂದು ಹೆಸರು, ಒಂದು ಪಾಸ್‌ವರ್ಡ್ ಹಾಕಿ ಬಟನ್ ಒತ್ತುತ್ತಾರೆ. ಸರ್ವರ್ ಮೊದಲು ಹೆಸರನ್ನು ಹುಡುಕುತ್ತದೆ. ಹೆಸರೇ ಇಲ್ಲ ಎಂದರೆ ಅಲ್ಲಿಗೇ ಮುಗಿಯಿತು, ‘ವಿವರ ತಪ್ಪಾಗಿದೆ’ ಎಂಬ ಉತ್ತರ ತಟ್ಟನೆ ಹೋಗುತ್ತದೆ. ಹೆಸರಿದ್ದರೆ ಪಾಸ್‌ವರ್ಡನ್ನು ನಿಧಾನದ ಗಾಣಕ್ಕೆ ಹಾಕಿ ತಾಳೆ ನೋಡಬೇಕು. ಅದಕ್ಕೆ ಒಂದಿಷ್ಟು ಹೊತ್ತು ಹಿಡಿಯುತ್ತದೆ, ಆಮೇಲೆ ಅದೇ ‘ವಿವರ ತಪ್ಪಾಗಿದೆ’ ಎಂಬ ಉತ್ತರ. ಎರಡೂ ಸಲ ಮಾತು ಒಂದೇ, ಹೊತ್ತು ಬೇರೆ. ಹೊರಗೆ ಗಡಿಯಾರ ಹಿಡಿದು ಕೂತವನಿಗೆ ಯಾವ ಹೆಸರು ಇಲ್ಲಿ ಖಾತೆ ಹೊಂದಿದೆ, ಯಾವುದು ಹೊಂದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಸಾಲ ಕೊಡುವ ಸೈಟೋ ಕಾಯಿಲೆಯೊಂದರ ಚಿಕಿತ್ಸೆಯ ಸೈಟೋ ಆಗಿದ್ದರೆ, ‘ಈ ಮನುಷ್ಯನ ಖಾತೆ ಇಲ್ಲಿದೆ’ ಎಂಬುದೇ ದೊಡ್ಡ ಗುಟ್ಟು. ಜಾವಾ ಲೋಕದಲ್ಲಿ ಬಹಳ ಬಳಕೆಯಲ್ಲಿರುವ ಸ್ಪ್ರಿಂಗ್ ಸೆಕ್ಯುರಿಟಿ ಇದಕ್ಕೆ ಮಾಡಿರುವ ಉಪಾಯ ಸೊಗಸಾಗಿದೆ. ಹೆಸರು ಸಿಗದಿದ್ದರೂ ಅದು ಒಂದು ಸುಳ್ಳು ಪಾಸ್‌ವರ್ಡಿನ ಹ್ಯಾಷನ್ನು ಇಟ್ಟುಕೊಂಡು, ಬಂದ ಪಾಸ್‌ವರ್ಡನ್ನು ಅದರ ಜೊತೆ ತಾಳೆ ನೋಡುವ ನಾಟಕವಾಡುತ್ತದೆ. ಫಲಿತಾಂಶವನ್ನು ಎಸೆದು, ಸರಿಸುಮಾರು ಅಷ್ಟೇ ಹೊತ್ತು ಕಳೆದು ‘ತಪ್ಪಾಗಿದೆ’ ಎನ್ನುತ್ತದೆ. ಕೆಲಸಕ್ಕೆ ಬಾರದ ಈ ಲೆಕ್ಕವನ್ನು ಸ್ವಂತ ತಪಾಸಣೆ ಬರೆಯುವವರಲ್ಲಿ ಎಷ್ಟು ಮಂದಿ ಬರೆದಾರು? ಬರೆದರೂ, ವರ್ಷ ಕಳೆದು ಬಂದ ಸಹೋದ್ಯೋಗಿ ‘ಇದು ವ್ಯರ್ಥ’ ಎಂದು ಅಳಿಸಿಹಾಕದಂತೆ ತಡೆಯುವವರಾರು?

ಲಾಗಿನ್ ಆದ ಮೇಲಿನ ಪಾಡು ಬೇರೆಯೇ. ವೆಬ್‌ಗೆ ನೆನಪಿನ ಶಕ್ತಿ ಇಲ್ಲ. ಒಂದು ಪುಟ ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆ ಎಂಬುದು ಸರ್ವರಿಗೆ ತಾನಾಗಿ ತಿಳಿಯದು. ಅದಕ್ಕಾಗಿ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ‘ಕುಕಿ’ ಎಂಬ ಚೀಟಿಯನ್ನು ಹುಟ್ಟುಹಾಕಿದರು. ಸರ್ವರ್ ಕೊಟ್ಟ ಚೀಟಿಯನ್ನು ಬ್ರೌಸರ್ ಪ್ರತಿ ಸಲವೂ ತೋರಿಸುತ್ತದೆ, ಚೀಟಿಯ ಸಂಖ್ಯೆ ನೋಡಿ ಸರ್ವರ್ ಗುರುತು ಹಿಡಿಯುತ್ತದೆ. ಅಂದರೆ ಒಳಹೊಕ್ಕ ಕ್ಷಣದಿಂದ ಪಾಸ್‌ವರ್ಡಿನ ಬೆಲೆಯೆಲ್ಲ ಆ ಚೀಟಿಗೆ ವರ್ಗವಾಯಿತು. ಚೀಟಿ ಕದ್ದವನಿಗೆ ಪಾಸ್‌ವರ್ಡ್ ಬೇಡ. ಕದಿಯುವುದೂ ಬೇಡ, ತನ್ನ ಚೀಟಿಯನ್ನೇ ಇನ್ನೊಬ್ಬರ ಕೈಗೆ ತುರುಕಿದರೂ ಸಾಕು ಎಂಬುದನ್ನು 2002ರಲ್ಲಿ ಸ್ಲೊವೇನಿಯಾದ ಮಿತ್ಯಾ ಕೋಲ್ಶೆಕ್ ವಿವರಿಸಿದರು. ಮೋಸಗಾರ ಮೊದಲೇ ಒಂದು ಚೀಟಿ ಪಡೆದು, ಅದು ನಿಮ್ಮ ಬ್ರೌಸರಿಗೆ ಅಂಟುವಂತೆ ಮಾಡುತ್ತಾನೆ. ನೀವು ಲಾಗಿನ್ ಆಗುತ್ತೀರಿ. ಸರ್ವರಿನ ಕಣ್ಣಲ್ಲಿ ಈಗ ಆ ಸಂಖ್ಯೆಯ ಚೀಟಿ ಹಿಡಿದವರೆಲ್ಲ ನೀವೇ. ಮದ್ದು ಒಂದು ಸಾಲಿನದು: ಲಾಗಿನ್ ಆದೊಡನೆ ಚೀಟಿಯ ಸಂಖ್ಯೆ ಬದಲಿಸಿಬಿಡುವುದು. ಸ್ಪ್ರಿಂಗ್ ಸೆಕ್ಯುರಿಟಿ ಹೇಳದೆ ಕೇಳದೆ ಇದನ್ನು ಮಾಡುತ್ತದೆ. ಸ್ವಂತ ಕೋಡಿನಲ್ಲಿ ಈ ಸಾಲು ಇಲ್ಲದಿದ್ದರೂ ಲಾಗಿನ್ ಚೆನ್ನಾಗಿಯೇ ನಡೆಯುತ್ತದೆ, ಅದೇ ಆಪತ್ತು. ಸೆಕ್ಯುರಿಟಿಯ ಲೋಪಗಳು ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಪರೀಕ್ಷಿಸುವವರು ಕೆಲಸ ಆಗುತ್ತದೆಯೇ ಎಂದು ನೋಡುತ್ತಾರೆ, ಆಗಬಾರದ್ದು ಆಗುತ್ತಿದೆಯೇ ಎಂದು ನೋಡುವುದು ಕಡಿಮೆ.

ಈ ಸ್ಪ್ರಿಂಗ್ ಸೆಕ್ಯುರಿಟಿ 2003ರ ಕೊನೆಯಲ್ಲಿ ಬೆನ್ ಅಲೆಕ್ಸ್ ಎಂಬವರ ಕೈಯಲ್ಲಿ ಶುರುವಾದದ್ದು. ಆಗ ಅದರ ಹೆಸರು ಅಸೀಜಿ. ಇಂಗ್ಲಿಷ್ ಅಕ್ಷರಮಾಲೆಯ 1, 3, 5, 7 ಮತ್ತು 9ನೆಯ ಅಕ್ಷರಗಳನ್ನು ಜೋಡಿಸಿದರೆ ಆ ಹೆಸರು ಬರುತ್ತದೆ. (ಮಗುವಿಗೆ ಹೆಸರಿಡಲು ಪಂಚಾಂಗ ನೋಡುವ ನಾವು ನಗುವಂತಿಲ್ಲ.) 2007ರ ಕೊನೆಗೆ ಅದು ಸ್ಪ್ರಿಂಗ್ ಬಳಗ ಸೇರಿ ಈಗಿನ ಹೆಸರು ಪಡೆಯಿತು. ಜಾಂಗೊ, ಲಾರಾವೆಲ್, ರೇಲ್ಸ್ ಬಳಸುವವರಿಗೂ ಇಂಥದೇ ಏರ್ಪಾಡುಗಳಿವೆ. ಹೆಸರು ಬೇರೆ, ತತ್ವ ಒಂದೇ. ಸ್ಪ್ರಿಂಗ್ ಸೆಕ್ಯುರಿಟಿಯ ಒಳರಚನೆಯನ್ನು ಹಳೆಯ ಕೋಟೆಗೆ ಹೋಲಿಸಬಹುದು. ಒಳಗಿನ ಅರಮನೆ ನಿಮ್ಮ ಅಪ್ಲಿಕೇಶನ್. ಅದಕ್ಕೆ ಹೋಗುವ ದಾರಿಯಲ್ಲಿ ಒಂದರ ಹಿಂದೊಂದು ಕಾವಲಿನ ಬಾಗಿಲುಗಳು, ಅವಕ್ಕೆ ಫಿಲ್ಟರ್ ಎಂದು ಹೆಸರು. ಒಂದು ಬಾಗಿಲಲ್ಲಿ ಚೀಟಿ ನೋಡುತ್ತಾರೆ, ಇನ್ನೊಂದರಲ್ಲಿ ಟೋಕನ್ (ಅದರ ವಿವರ ಮುಂದೆ ಬರುತ್ತದೆ), ಮತ್ತೊಂದರಲ್ಲಿ ಹೆಸರು ಮತ್ತು ಪಾಸ್‌ವರ್ಡ್, ಕೊನೆಯದರಲ್ಲಿ ‘ಈ ಪುಟ ನೋಡಲು ಇವರಿಗೆ ಅಧಿಕಾರ ಇದೆಯೇ’ ಎಂಬ ವಿಚಾರಣೆ. ಅರಮನೆಯ ಒಳಗೆ ಕೆಲಸ ಮಾಡುವವರು ಬಾಗಿಲ ಚಿಂತೆ ಹಚ್ಚಿಕೊಳ್ಳಬೇಕಿಲ್ಲ. ನೀವು ಏನನ್ನೂ ಬರೆಯದಿದ್ದರೂ ಅದು ತಾನೇ ಒಂದು ಲಾಗಿನ್ ಪುಟವನ್ನು ತಯಾರಿಸಿ ಕೊಡುತ್ತದೆ. ನೋಡಲು ಸಪ್ಪೆ. ಹಾಗಾಗಿ ಎಲ್ಲರೂ ಬೇಗನೆ ತಮ್ಮದೇ ಪುಟ ಬರೆದು ಜೋಡಿಸಲು ಹೊರಡುತ್ತಾರೆ. ಬೆಸುಗೆಯ ಪ್ರಶ್ನೆ ಏಳುವುದು ಆಗ.

ಬೆಸುಗೆಗೆ ಬೇಕಾದ್ದು ಬಹಳವಿಲ್ಲ. ಕಾವಲಿನ ಬಾಗಿಲು ಕಾಯುತ್ತಿರುವುದು ಒಂದು ವಿಳಾಸದಲ್ಲಿ, ನಮ್ಮ ಪುಟ ತುಂಬಿದ ವಿವರವನ್ನು ಆ ವಿಳಾಸಕ್ಕೇ, ಪೋಸ್ಟ್ ವಿಧಾನದಲ್ಲೇ ಕಳಿಸಬೇಕು. ಎರಡು ಖಾನೆಗಳಿಗೆ ಫ್ರೇಮ್‌ವರ್ಕ್ ನಿರೀಕ್ಷಿಸುವ ಹೆಸರುಗಳೇ ಇರಬೇಕು, ‘ಯೂಸರ್‌ನೇಮ್’ ಮತ್ತು ‘ಪಾಸ್‌ವರ್ಡ್’. ಬೇರೆ ಹೆಸರು ಬೇಕೆಂದರೆ ಅದನ್ನು ಫ್ರೇಮ್‌ವರ್ಕಿಗೂ ತಿಳಿಸಿರಬೇಕು. ಪರದೆಯ ಮೇಲೆ ಕಾಣುವ ‘ಬಳಕೆದಾರರ ಹೆಸರು’ ಎಂಬ ಬರಹಕ್ಕೂ ಈ ಒಳಹೆಸರಿಗೂ ಸಂಬಂಧವಿಲ್ಲ, ಆದ್ದರಿಂದ ಪುಟ ಪೂರ್ತಿ ಕನ್ನಡದಲ್ಲಿದ್ದರೂ ಬೆಸುಗೆ ಕೆಡುವುದಿಲ್ಲ. ಕೆಡುವುದು ಬೇರೆ ಕಡೆ. ಖಾನೆಗೆ ‘ಐಡಿ’ ಕೊಟ್ಟು ‘ನೇಮ್’ ಕೊಡಲು ಮರೆತರೆ ಬ್ರೌಸರ್ ಆ ಖಾನೆಯನ್ನು ಕಳಿಸುವುದೇ ಇಲ್ಲ; ಎಷ್ಟು ಸರಿಯಾದ ಪಾಸ್‌ವರ್ಡ್ ಹಾಕಿದರೂ ತಪ್ಪು ಎಂಬ ಉತ್ತರ ಬರುತ್ತದೆ, ಬರೆದವರು ಡೇಟಾಬೇಸ್ ಜಾಲಾಡುತ್ತ ಕೂರುತ್ತಾರೆ. ಈಗಿನ ಜಾವಾಸ್ಕ್ರಿಪ್ಟ್ ಪುಟಗಳು ವಿವರವನ್ನು ಜೇಸನ್ ರೂಪದಲ್ಲಿ ಕಳಿಸುತ್ತವೆ, ಫ್ರೇಮ್‌ವರ್ಕಿನ ಮಾಮೂಲಿ ಬಾಗಿಲು ಕಾಯುವುದು ಫಾರ್ಮ್ ರೂಪಕ್ಕೆ; ಅದರ ಕಣ್ಣಿಗೆ ಎರಡೂ ಖಾನೆ ಖಾಲಿ. ಇನ್ನೂ ಮಜವಾದದ್ದು ಕೊನೆಯಿಲ್ಲದ ಸುತ್ತಾಟ. ಎಲ್ಲ ಪುಟಕ್ಕೂ ಲಾಗಿನ್ ಕಡ್ಡಾಯ ಎಂದು ಬರೆದವರು ಲಾಗಿನ್ ಪುಟಕ್ಕೆ ವಿನಾಯಿತಿ ಕೊಡಲು ಮರೆಯುತ್ತಾರೆ. ಲಾಗಿನ್ ಆಗದವರನ್ನು ಸರ್ವರ್ ಲಾಗಿನ್ ಪುಟಕ್ಕೆ ಅಟ್ಟುತ್ತದೆ, ಆ ಪುಟ ನೋಡಲೂ ಲಾಗಿನ್ ಬೇಕು, ಅದಕ್ಕಾಗಿ ಮತ್ತೆ ಅದೇ ಪುಟಕ್ಕೆ ಅಟ್ಟುತ್ತದೆ. ಟಿಕೆಟ್ ಕೌಂಟರನ್ನು ಚಿತ್ರಮಂದಿರದ ಒಳಗಿಟ್ಟ ಹಾಗೆ. ಕೊನೆಗೆ ಬ್ರೌಸರೇ ಸೋತು ಕೈಚೆಲ್ಲುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು, ತಿದ್ದಿಕೊಳ್ಳದೆ ಮುಂದೆ ಹೋಗಲಾಗದು. ತಿದ್ದಿಕೊಂಡಂತೆ ಕಂಡು ನಿಜಕ್ಕೂ ಕೆಡಿಸಿಬಿಡುವ ತಪ್ಪೊಂದಿದೆ. ಹೊಸ ಪುಟ ಜೋಡಿಸಿ ಬಟನ್ ಒತ್ತಿದರೆ ‘403’ ಎಂಬ ಉತ್ತರ, ಅಂದರೆ ಪ್ರವೇಶ ನಿಷಿದ್ಧ. ಕಾರಣ, ಪುಟದಲ್ಲಿ ಇರಬೇಕಾಗಿದ್ದ ಮೂರನೆಯ, ಕಣ್ಣಿಗೆ ಕಾಣದ ಖಾನೆ ಇಲ್ಲ. ಸರ್ವರ್ ಪುಟ ಕೊಡುವಾಗ ಅದರಲ್ಲೊಂದು ಗುಪ್ತ ಟೋಕನ್ ಇಡುತ್ತದೆ. ಫಾರ್ಮ್ ತುಂಬಿ ಬಂದಾಗ ಆ ಟೋಕನ್ ಜೊತೆಗೆ ಬಂದಿದೆಯೇ ನೋಡುತ್ತದೆ. ಏಕೆಂದರೆ ಕುಕಿಗೆ ಒಂದು ದುರ್ಗುಣವಿದೆ: ಕೋರಿಕೆ ಯಾವ ಸೈಟಿನ ಪುಟದಿಂದ ಹೊರಟಿತು ಎಂಬುದನ್ನು ನೋಡದೆ, ಯಾವ ಸೈಟಿಗೆ ಹೋಗುತ್ತಿದೆ ಎಂಬುದನ್ನಷ್ಟೇ ನೋಡಿ ಜೊತೆಗೆ ಹೊರಡುವುದು. ನೀವು ಬ್ಯಾಂಕಿಗೆ ಲಾಗಿನ್ ಆಗಿರುವಾಗಲೇ ಇನ್ನೊಂದು ಕಿಟಕಿಯಲ್ಲಿ ತೆರೆದ ಕಳ್ಳ ಪುಟ ನಿಮ್ಮ ಬ್ರೌಸರಿನ ಮೂಲಕವೇ ಬ್ಯಾಂಕಿಗೆ ‘ಹಣ ವರ್ಗಾಯಿಸು’ ಎಂಬ ಫಾರ್ಮ್ ಕಳಿಸಬಹುದು. ಇದು ಕಲ್ಪನೆಯಲ್ಲ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಝೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್, ಐಎನ್‌ಜಿ ಡೈರೆಕ್ಟ್ ಬ್ಯಾಂಕಿನ ಸೈಟಿನಲ್ಲಿ ಹೀಗೆ ಹಣ ಸಾಗಿಸಲು ಸಾಧ್ಯವಿತ್ತೆಂದು ತೋರಿಸಿದರು. ಕಳ್ಳ ಪುಟಕ್ಕೆ ಗುಪ್ತ ಟೋಕನ್ ಏನೆಂದು ಗೊತ್ತಾಗದು, ಅದೇ ರಕ್ಷೆ. ಆದರೆ 403 ಕಂಡ ಪ್ರೋಗ್ರಾಮರ್ ಏನು ಮಾಡುತ್ತಾನೆ? ಹುಡುಕುತ್ತಾನೆ, ಟೋಕನ್ ತಪಾಸಣೆಯನ್ನೇ ಆರಿಸಿಬಿಡುವ ಒಂದು ಸಾಲು ಸಿಗುತ್ತದೆ, ಹಾಕಿದರೆ ಲಾಗಿನ್ ನಡೆಯುತ್ತದೆ, ಕೆಲಸ ಮುಗಿಯಿತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಆರಿಸಿದ್ದು ಲಾಗಿನ್ ಪುಟಕ್ಕೆ ಮಾತ್ರವಲ್ಲ, ಹಣ ವರ್ಗಾವಣೆಯಿಂದ ಹಿಡಿದು ಪಾಸ್‌ವರ್ಡ್ ಬದಲಾವಣೆಯವರೆಗೆ ಇಡೀ ಸೈಟಿಗೆ. ನಿಜವಾದ ಪರಿಹಾರವೂ ಒಂದೇ ಸಾಲು: ಆ ಗುಪ್ತ ಖಾನೆಯನ್ನು ಪುಟಕ್ಕೆ ಸೇರಿಸುವುದು.

‘ಲಾಗಿನ್ ಆಗುವ ಮೊದಲು ಕುಕಿಯ ಬಲವೇ ಇರುವುದಿಲ್ಲ, ಹಾಗಿದ್ದ ಮೇಲೆ ಲಾಗಿನ್ ಪುಟಕ್ಕೇಕೆ ಟೋಕನ್’ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಅದೇ 2008ರಲ್ಲಿ ಸ್ಟ್ಯಾನ್‌ಫರ್ಡಿನ ಆಡಂ ಬಾರ್ತ್, ಕಾಲಿನ್ ಜಾಕ್ಸನ್ ಮತ್ತು ಜಾನ್ ಮಿಚೆಲ್ ಉತ್ತರ ಕೊಟ್ಟಿದ್ದಾರೆ. ಕಳ್ಳ ಪುಟ ನಿಮ್ಮ ಬ್ರೌಸರಿನಿಂದ ಲಾಗಿನ್ ಫಾರ್ಮ್ ಕಳಿಸುತ್ತದೆ, ಆದರೆ ಹೆಸರೂ ಪಾಸ್‌ವರ್ಡೂ ಕಳ್ಳನವೇ. ನಿಮಗೆ ಅರಿವಿಲ್ಲದೆ ನೀವು ಅವನ ಖಾತೆಯೊಳಗೆ ಕೂತಿರುತ್ತೀರಿ. ಆಮೇಲೆ ನೀವು ಹುಡುಕಿದ್ದು, ಸೇರಿಸಿದ ಕಾರ್ಡಿನ ವಿವರ, ಬರೆದ ವಿಳಾಸ ಎಲ್ಲವೂ ಅವನ ಖಾತೆಯಲ್ಲಿ ಜಮೆಯಾಗುತ್ತವೆ. ಅವನು ನಿಧಾನವಾಗಿ ಬಂದು ಓದಿಕೊಳ್ಳುತ್ತಾನೆ. ಕಳ್ಳತನ ಎಂದರೆ ನಮ್ಮ ಮನೆಗೆ ಅವನು ನುಗ್ಗುವುದು ಎಂದುಕೊಂಡಿರುವ ನಮಗೆ, ನಮ್ಮನ್ನೇ ಅವನ ಮನೆಗೆ ಕರೆದೊಯ್ಯುವ ಕಳ್ಳತನ ಹೊಳೆಯುವುದು ಕಷ್ಟ. ಇತ್ತೀಚಿನ ಬ್ರೌಸರುಗಳು ಬೇರೆ ಸೈಟಿನಿಂದ ಹೊರಟ ಕೋರಿಕೆಗೆ ಕುಕಿ ಸೇರಿಸುವುದನ್ನು ಬಿಗಿಗೊಳಿಸಿರುವುದು ನಿಜ. ಕುಕಿಯೇ ಬೇಕಿಲ್ಲದ ಈ ದಾಳಿಗೆ ಆ ಬಿಗಿಯೊಂದೇ ಸಾಲದು.

ಇಷ್ಟು ಹೇಳಿದರೂ ಒಪ್ಪದವರಿದ್ದಾರೆ, ಅವರ ಆಕ್ಷೇಪಗಳಲ್ಲಿ ತೂಕವೂ ಇದೆ. ‘ನಮ್ಮದು ಸಹಕಾರ ಸಂಘದ ಚಿಕ್ಕ ಸೈಟು, ಇನ್ನೂರು ಜನ ಸದಸ್ಯರು, ಇಲ್ಲೇನು ಕದಿಯಲು ಬರುತ್ತಾರೆ’ ಎಂಬುದು ಮೊದಲನೆಯದು. ಬರುವುದು ಮನುಷ್ಯರಲ್ಲ, ಯಂತ್ರಗಳು. ಅವಕ್ಕೆ ಚಿಕ್ಕದು ದೊಡ್ಡದೆಂಬ ಭೇದವಿಲ್ಲ, ಸಿಕ್ಕ ವಿಳಾಸಗಳನ್ನೆಲ್ಲ ತಟ್ಟುತ್ತ ಹೋಗುತ್ತವೆ. ಇಲ್ಲಿ ಸಿಗುವ ಸರಕೂ ಸಂಘದ ಲೆಕ್ಕವಲ್ಲ, ಆ ಇನ್ನೂರು ಜನರ ಪಾಸ್‌ವರ್ಡ್. ಅದನ್ನೇ ಅವರು ಇಮೇಲಿಗೂ ಇಟ್ಟುಕೊಂಡಿರುವ ಸಂಭವ ಹೆಚ್ಚು, ಇಮೇಲ್ ಕೈಗೆ ಬಂದರೆ ಮಿಕ್ಕೆಲ್ಲದರ ಪಾಸ್‌ವರ್ಡ್ ಬದಲಿಸಿಕೊಳ್ಳಬಹುದು. ಜೊತೆಗೆ, ಬೇರೆಯವರ ವೈಯಕ್ತಿಕ ವಿವರಗಳನ್ನು ಇಟ್ಟುಕೊಂಡವರು ತಕ್ಕ ಭದ್ರತೆ ಮಾಡದೆ ಸೋರಿಕೆಯಾದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಎಲ್ಲರೂ ಒಂದೇ ಬೀಗ ಹಾಕಿಕೊಂಡರೆ ಒಂದು ಕಳ್ಳಕೀಲಿ ಎಲ್ಲ ಮನೆಗೂ ಸಾಕಲ್ಲವೇ? ಹಾಗಾದದ್ದುಂಟು. ಅಪಾಚೆ ಶಿರೊ ಎಂಬ ಇನ್ನೊಂದು ಜಾವಾ ಫ್ರೇಮ್‌ವರ್ಕಿನಲ್ಲಿ ‘ನನ್ನನ್ನು ನೆನಪಿಡು’ ಎಂಬ ಸೌಲಭ್ಯದ ಕುಕಿಯನ್ನು ಮುಚ್ಚಲು ಒಂದು ಗುಪ್ತ ಕೀಲಿ ಇತ್ತು. ಬಳಸುವವರು ತಮ್ಮದೇ ಕೀಲಿ ಇಡದಿದ್ದರೆ, ಎಲ್ಲರಿಗೂ ತೆರೆದಿದ್ದ ಮೂಲ ಕೋಡಿನಲ್ಲಿ ಬರೆದಿದ್ದ ಕೀಲಿಯೇ ಚಾಲ್ತಿಗೆ ಬರುತ್ತಿತ್ತು. 2016ರಲ್ಲಿ ಬಯಲಾದ ಈ ಲೋಪದಿಂದ ದಾಳಿಕೋರರು ಸರ್ವರಿನಲ್ಲಿ ತಮಗೆ ಬೇಕಾದ ಆಜ್ಞೆಯನ್ನೇ ನಡೆಸಬಹುದಿತ್ತು. ಸ್ಪ್ರಿಂಗ್ ಸೆಕ್ಯುರಿಟಿಯೂ ಹೊರತಲ್ಲ. ಬಿಕ್ರಿಪ್ಟ್ ಗಾಣಕ್ಕೆ ಹಿಡಿಸುವುದು 72 ಬೈಟ್ ಮಾತ್ರ, ಅದರಾಚೆಗಿನದ್ದು ಹೊರಚೆಲ್ಲುತ್ತದೆ. ಹಾಗಾಗಿ ಮೊದಲ 72 ಹೊಂದಿದರೆ ಉದ್ದದ ಪಾಸ್‌ವರ್ಡಿನ ಬಾಲ ಏನಿದ್ದರೂ ಸ್ಪ್ರಿಂಗ್ ಸೆಕ್ಯುರಿಟಿ ‘ಸರಿ’ ಎನ್ನುತ್ತಿತ್ತು. ಇದನ್ನು 2025ರಲ್ಲಿ ಲೋಪವೆಂದು ಪ್ರಕಟಿಸಿ ಸರಿಪಡಿಸಿದರು. ಆ ದುರಸ್ತಿ ಮಾಡುವಾಗ, ಮೇಲೆ ಹೇಳಿದ ಸುಳ್ಳು ಹ್ಯಾಷಿನ ನಾಟಕ ಅರಿಯದೆ ಕೆಟ್ಟುಹೋಯಿತು. ಅದೇ ವರ್ಷ ಅದನ್ನೂ ಇನ್ನೊಂದು ಲೋಪವೆಂದು ಪ್ರಕಟಿಸಿ ಮತ್ತೆ ತಿದ್ದಬೇಕಾಯಿತು. ಆಕ್ಷೇಪಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ? ಆದರೆ ಇದೇ ಪುರಾವೆಯನ್ನು ತಿರುಗಿಸಿ ನೋಡಿ. ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದವರ ಕೈಯೇ ಜಾರುವಷ್ಟು ನಾಜೂಕಿನ ಕೆಲಸ ಇದು. ಅವರು ಜಾರಿದಾಗ ಯಾರೋ ಕಂಡುಹಿಡಿದರು, ಲೋಪಕ್ಕೆ ಸಂಖ್ಯೆ ಬಿತ್ತು, ಸುದ್ದಿಯಾಯಿತು, ಹೊಸ ಆವೃತ್ತಿ ಬಂತು. ನಮ್ಮ ಸ್ವಂತ ಕೋಡಿನಲ್ಲಿ ಇದೇ ಲೋಪವಿದ್ದರೆ ಅದನ್ನು ಹುಡುಕುವ ಆಸಕ್ತಿ ಇರುವುದು ಕಳ್ಳನೊಬ್ಬನಿಗೆ, ಅವನು ಪ್ರಕಟಣೆ ಹೊರಡಿಸುವುದಿಲ್ಲ.

ಲಾಗಿನ್ ಸೇವೆಯನ್ನೇ ವ್ಯಾಪಾರ ಮಾಡಿಕೊಂಡಿರುವ ಒಕ್ಟಾ ಕಂಪನಿಗೂ ಈ 72ರ ಮಿತಿ ಪೆಟ್ಟು ಕೊಟ್ಟಿದೆ. ಅವರ ಒಂದು ಸೇವೆಯಲ್ಲಿ ಐಡಿ, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಮೂರನ್ನೂ ಒಂದರ ಮುಂದೊಂದು ಜೋಡಿಸಿ ಬಿಕ್ರಿಪ್ಟಿಗೆ ಹಾಕುತ್ತಿದ್ದರು. ಯೂಸರ್‌ನೇಮ್ 52 ಅಕ್ಷರ ಅಥವಾ ಹೆಚ್ಚಿದ್ದರೆ 72ರ ಮಿತಿ ಅಲ್ಲಿಗೇ ತುಂಬಿ, ಪಾಸ್‌ವರ್ಡಿನ ಸರದಿಯೇ ಬರುತ್ತಿರಲಿಲ್ಲ. ಕೆಲವು ಸಂದರ್ಭಗಳಲ್ಲಿ ಪಾಸ್‌ವರ್ಡ್ ಏನಿದ್ದರೂ ಬಾಗಿಲು ತೆರೆಯಬಹುದಿತ್ತು. 2024ರ ಅಕ್ಟೋಬರಿನಲ್ಲಿ ಕಂಪನಿಯೇ ಇದನ್ನು ತಿಳಿಸಿತು. ‘ಫಾರ್ಮಿನ ಕಾಲವೇ ಮುಗಿಯಿತು, ಗೂಗಲ್ ಲಾಗಿನ್, ಓಟಿಪಿ, ಪಾಸ್‌ಕೀ ಬಂದಿರುವಾಗ ಇದೆಲ್ಲ ಯಾಕೆ’ ಎನ್ನುವವರಿಗೆ ಈ ಪ್ರಕರಣವೇ ಅರ್ಧ ಉತ್ತರ. ಉಳಿದರ್ಧ: ಯಾರು ಗುರುತು ಹಿಡಿದು ಕೊಟ್ಟರೂ ಒಳಬಂದ ಮೇಲಿನ ಚೀಟಿ, ಟೋಕನ್, ಅಧಿಕಾರದ ವಿಚಾರಣೆ ನಮ್ಮ ಹೊಸ್ತಿಲಲ್ಲೇ ನಡೆಯಬೇಕು. ಆರಂಕಿಯ ಓಟಿಪಿಗೆ ಇರುವುದು ಹತ್ತು ಲಕ್ಷ ಸಾಧ್ಯತೆ. ಎಷ್ಟು ಸಲ ತಪ್ಪಬಹುದು ಎಂಬ ಎಣಿಕೆ ಇಡದಿದ್ದರೆ ಯಂತ್ರಕ್ಕೆ ಅದೊಂದು ಲೆಕ್ಕವಲ್ಲ.

ಫ್ರೇಮ್‌ವರ್ಕಿಗೆ ಗೊತ್ತಿಲ್ಲದ್ದೂ ಇದೆ, ಅದನ್ನು ಮುಚ್ಚಿಟ್ಟು ವಾದ ಗೆಲ್ಲಬೇಕಾಗಿಲ್ಲ. ಬಂದವರು ಯಾರು ಎಂದು ಅದು ಹೇಳಬಲ್ಲದು. 4512ನೆಯ ನಂಬರಿನ ಕಾಗದ ಅವರದ್ದೇ ಅಥವಾ ಪಕ್ಕದ ಮನೆಯವರದ್ದೇ ಎಂಬುದು ನಮ್ಮ ವ್ಯವಹಾರ ಬಲ್ಲವರಿಗೆ ಮಾತ್ರ ಗೊತ್ತು. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಕಂಪನಿಯ ಸೈಟಿನಲ್ಲಿ ವಿಳಾಸದ ಕೊನೆಯ ಅಂಕಿಗಳನ್ನು ಬದಲಿಸಿದರೆ ಸಾಕು, ಬೇರೆಯವರ ಆಸ್ತಿ ಸಾಲದ ಕಾಗದಗಳು ತೆರೆದುಕೊಳ್ಳುತ್ತಿದ್ದವು. ಹಾಗೆ ಬಯಲಿಗೆ ಬಿದ್ದಿದ್ದ ದಾಖಲೆಗಳು 88 ಕೋಟಿಗೂ ಹೆಚ್ಚು. ಆ ವಿಚಾರಣೆಯನ್ನು ಎಲ್ಲಿ ಮಾಡಬೇಕೆಂಬ ಜಾಗವನ್ನು ಫ್ರೇಮ್‌ವರ್ಕ್ ತೋರಿಸೀತು, ಪ್ರಶ್ನೆಯನ್ನು ನಾವೇ ಬರೆಯಬೇಕು.

ಕನ್ನಡಿಗರಿಗೆಂದೇ ಉಳಿಯುವ ಕೆಲಸವೂ ಒಂದಿದೆ. ಉದ್ದನೆಯ, ನೆನಪಿನಲ್ಲಿ ಉಳಿಯುವ ವಾಕ್ಯವೇ ಒಳ್ಳೆಯ ಪಾಸ್‌ವರ್ಡ್ ಎಂಬ ಸಲಹೆ ಕೇಳಿ ಒಬ್ಬರು ‘ನಮ್ಮೂರ ಕೆರೆಯ ಏರಿಯ ಮೇಲೆ ಎರಡು ಹುಣಸೆ ಮರ’ ಎಂದು ಇಟ್ಟುಕೊಂಡರು ಎನ್ನೋಣ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್; ಕನ್ನಡದಲ್ಲಿ ಕಾಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಸೇರಿ ಪ್ರತಿಯೊಂದಕ್ಕೂ ಮೂರು ಬೈಟ್. ಎಣಿಸಿ ನೋಡಿದರೆ ‘ಎರಡು’ ಎಂಬುದರ ಕೊನೆಯ ಕೊಂಬು ಮುಗಿಯುವ ಮೊದಲೇ 72 ತುಂಬುತ್ತದೆ. ಬಾಲವನ್ನು ಸುಮ್ಮನೆ ಕತ್ತರಿಸುವ ಬಿಕ್ರಿಪ್ಟ್ ಇದ್ದರೆ, ಹುಣಸೆಯ ಜಾಗದಲ್ಲಿ ಬೇವು ಎಂದರೂ ಬಾಗಿಲು ತೆರೆಯುತ್ತದೆ. ಉದ್ದ ಮೀರಿದ್ದನ್ನು ತಿರಸ್ಕರಿಸುವ ಹೊಸ ಆವೃತ್ತಿಯಾದರೆ, ಇಷ್ಟು ಚಿಕ್ಕ ವಾಕ್ಯ ಯಾಕೆ ಉದ್ದವಾಯಿತೆಂದು ಅವರಿಗೆ ತಿಳಿಯುವುದೇ ಇಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ‘ಕೊ’ ಅಂಥ ಅಕ್ಷರ. ಯೂನಿಕೋಡಿನಲ್ಲಿ ಅದನ್ನು ಓತ್ವದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ದೀರ್ಘ ಕೊಂಬಿನ ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹ್ಯಾಷಿಗೆ ಎರಡೂ ಬೇರೆ. ಹಿಂಡುವ ಮೊದಲು ಇಂಥವನ್ನು ಒಂದೇ ರೂಪಕ್ಕೆ ತರಬೇಕು ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಸ್ಪ್ರಿಂಗ್ ಸೆಕ್ಯುರಿಟಿಯ ಬಿಕ್ರಿಪ್ಟ್ ತಾನಾಗಿ ಅದನ್ನು ಮಾಡುವುದಿಲ್ಲ. ಬಂದ ಪಾಸ್‌ವರ್ಡನ್ನು ಫ್ರೇಮ್‌ವರ್ಕಿಗೆ ಒಪ್ಪಿಸುವ ಮುಂಚೆ ಯೂನಿಕೋಡಿನ ಒಂದೇ ರೂಪಕ್ಕೆ ತರುವ ಆ ಸಾಲನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಕನ್ನಡ ಸೈಟು ಕಟ್ಟುವವರೇ ಬರೆಯಬೇಕು.